ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಎಸ್‌ಯುವಿ: ಮೊದಲು ಹಿಂದಿನ ಸಾಲಲ್ಲಿ ಕೂತು ನೋಡಿ

ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಎಸ್‌ಯುವಿ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಇಬ್ಬರು ಮಕ್ಕಳು, ಜೊತೆಗೆ ಅಪ್ಪ-ಅಮ್ಮ, ಓಡಾಟ ಜಾಸ್ತಿ ಬೆಂಗಳೂರಲ್ಲೇ ಅಂದಿದ್ದೀರಿ. ಹಾಗಾದರೆ ಮೂರನೇ ಸಾಲಲ್ಲಿ ನೀವೇ ಹತ್ತು ನಿಮಿಷ ಕೂರಿ. ಮಹೀಂದ್ರಾ ಎಕ್ಸ್‌ಯುವಿ500ನಂಥ ಗಾಡಿಯಲ್ಲಿ ಅಲ್ಲಿ ಮಂಡಿ ಮೇಲೆತ್ತಿಕೊಂಡು ಕೂರಬೇಕಾಗುತ್ತದೆ, ಮಕ್ಕಳಿಗೆ ಪರವಾಗಿಲ್ಲ, ಮಂಡಿನೋವಿರುವ ಅಮ್ಮನಿಗೆ ಖಂಡಿತ ಬೇಡ. ಆ ಸೀಟು ಬಳಸಿದರೆ ಡಿಕ್ಕಿಯಲ್ಲಿ ಜಾಗವೂ ಉಳಿಯುವುದಿಲ್ಲ. ಎಸ್‌ಯುವಿನೇ ಬೇಕು ಅಂತ ಹಟ ಇಲ್ಲದಿದ್ದರೆ ನಾನು ಇನೋವಾ ಕ್ರಿಸ್ಟಾನೇ ಹೇಳುತ್ತೇನೆ.

ಇನ್ನೊಂದು ಮಾತು, 2020ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಡೀಸೆಲ್ ಎಸ್‌ಯುವಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ, ಬರೀ ಸ್ಕೂಲು, ಮಾರ್ಕೆಟ್ಟು ಅಂತ ಟ್ರಾಫಿಕ್‌ನಲ್ಲೇ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಹೈವೇ ಓಡಾಟ ಕಡಿಮೆ ಇದ್ದರೆ ಪೆಟ್ರೋಲ್ ನೋಡಿ.

ದೆಹಲಿ ಗಾಡಿ ಅಗ್ಗ ಅಂತ ಸುಮ್ನೆ ತರಬೇಡಿ, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಆರ್‌ಸಿಯಲ್ಲಿ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಸಾಲ ತೀರಿದೆ ಅನ್ನೋ ಪತ್ರ) ನೋಡದೆ ಅಡ್ವಾನ್ಸ್ ಕೊಡಬೇಡಿ.