ವ್ಯಾಲ್ಯೂ ಇಂಜಿನಿಯರಿಂಗ್ ಅಂದರೆ ಅಗ್ಗದ ಸಾಮಾನು ಹಾಕೋದಾ?
ಡ್ರಾಯಿಂಗ್ ಮುಗಿದ ಮೇಲೆ ವ್ಯಾಲ್ಯೂ ಇಂಜಿನಿಯರಿಂಗ್ ಮಾಡಿ ಅಂತಿದ್ದಾರೆ, ಅಗ್ಗದ ಸಾಮಾನು ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಅದು ಸುಮ್ನೆ ಖರ್ಚಿಗೆ ಕತ್ತರಿ ಹಾಕಿದ ಹಾಗೆ, ಅಷ್ಟೇ. ವ್ಯಾಲ್ಯೂ ಇಂಜಿನಿಯರಿಂಗ್ ಅಂದರೆ ಆಗಬೇಕಾದ ಕೆಲಸ ಕೆಡದ ಹಾಗೆ, ಅದನ್ನೇ ಕಡಿಮೆ ಖರ್ಚಲ್ಲಿ ಮಾಡುವ ದಾರಿ ಹುಡುಕೋದು. ಎರಡನೇ ಮಹಾಯುದ್ಧದಲ್ಲಿ ಸಾಮಗ್ರಿ ಸಿಗದಾದಾಗ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಂಜಿನಿಯರ್ ಲಾರೆನ್ಸ್ ಮೈಲ್ಸ್ ಹಿಡಿದದ್ದು ಇದೇ ದಾರಿ. ಅವರು ಕೇಳಿದ್ದು: ಈ ಭಾಗ ಮಾಡುವ ಕೆಲಸ ಏನು, ಅದನ್ನು ಇನ್ನು ಯಾವುದು ಮಾಡಬಲ್ಲದು?

ನೀವೂ ಪ್ರತಿ ಭಾಗದ ಕೆಲಸವನ್ನು ಎರಡೇ ಪದದಲ್ಲಿ ಬರೆಯಿರಿ. 'ಪಂಪ್' ಅಂತ ಬರೆದರೆ ಅಗ್ಗದ ಪಂಪ್ ಹುಡುಕುತ್ತೀರಿ. 'ನೀರು ಸಾಗಿಸು' ಅಂತ ಬರೆದರೆ, ಇಳಿಜಾರಿನಲ್ಲೇ ಹರಿಸಿದರೆ ಪಂಪೇ ಬೇಡ ಅಲ್ವಾ ಅಂತ ಹೊಳೆಯಬಹುದು. ಕರೆಂಟು, ರಿಪೇರಿ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ತಡವಾಗಿರುವುದು ನಿಜ. ಈಗ ಅಡಿಪಾಯ ಮುಟ್ಟಿದರೆ ಡಿಸೈನ್ ಬದಲಿಸುವ ಖರ್ಚೇ ಉಳಿತಾಯವನ್ನು ನುಂಗಬಹುದು. ಜಾಸ್ತಿ ಹಣ ತಿನ್ನುವ ನಾಲ್ಕೈದು ಬಾಬ್ತು ಮಾತ್ರ ಹಿಡಿಯಿರಿ.