ಚಿಕ್ಕಮಗಳೂರಿನ ವೃದ್ಧಾಶ್ರಮವೋ, ಬೆಂಗಳೂರಿನ ಆರೈಕೆ ಕೇಂದ್ರವೋ?

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ನಿಮ್ಮ ಅತ್ತೆಯವರು ಸಂಜೆಯಾದರೆ ಗೇಟು ತೆಗೆದು ಹೊರಟುಬಿಡುತ್ತಾರೆ, ಚಿಕ್ಕಮಗಳೂರಿನ ವೃದ್ಧಾಶ್ರಮ ಸಾಕೇ, ಬೆಂಗಳೂರಿಗೇ ಕಳಿಸಬೇಕೇ ಎಂದು ಕೇಳಿದ್ದೀರಿ. ಊರಿಗಿಂತ ಮೊದಲು ರಾತ್ರಿ ಪಾಳಿಯನ್ನು ವಿಚಾರಿಸಿ. ಸಾಮಾನ್ಯ ವೃದ್ಧಾಶ್ರಮಗಳು ಹೆಚ್ಚಾಗಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗಾಗಿ ಇರುವಂಥವು. ಕಾಯಿಲೆಯನ್ನು ಮುಚ್ಚಿಟ್ಟು ಸೇರಿಸಿದರೆ ಕೆಲವೇ ದಿನಗಳಲ್ಲಿ "ಬಂದು ಕರೆದುಕೊಂಡು ಹೋಗಿ" ಎಂಬ ಫೋನ್ ಬರುತ್ತದೆ.

ನೋಡಲು ಬೆಳಿಗ್ಗೆ ಹೋಗಬೇಡಿ, ಸಂಜೆ ಆರರ ಹೊತ್ತಿಗೆ ಹೋಗಿ. ಈ ಕಾಯಿಲೆಯಲ್ಲಿ ಕಳವಳ ಹೆಚ್ಚುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿ. "ಮನೆಗೆ ಹೋಗಬೇಕು" ಎಂದು ಹಟ ಹಿಡಿದವರನ್ನು ಸಿಬ್ಬಂದಿ ಗದರಿಸುತ್ತಾರೋ, ಕೈಹಿಡಿದು ಅಂಗಳದಲ್ಲಿ ಎರಡು ಸುತ್ತು ನಡೆಸುತ್ತಾರೋ ಗಮನಿಸಿ. "ಮಾತ್ರೆ ಕೊಟ್ಟು ಮಲಗಿಸುತ್ತೇವೆ" ಎಂದರೆ ಯಾವ ಮಾತ್ರೆ, ಬರೆದುಕೊಟ್ಟವರು ಯಾರು ಎಂದು ಬಿಡದೆ ಕೇಳಿ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಆಂಟಿಸೈಕೋಟಿಕ್ ಔಷಧಗಳು (ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವಂಥವು) ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಹೊಳೆಯುವ ಟೈಲ್ಸ್ ಕಂಡು ಮರುಳಾಗಬೇಡಿ (ವೃದ್ಧರು ಜಾರಿ ಬೀಳುವುದು ಅದರ ಮೇಲೆಯೇ). ಶೌಚಾಲಯದಲ್ಲಿ ಹಿಡಿಕೆ ಇದೆಯೇ ನೋಡಿ.

ರಾತ್ರಿ ಎಚ್ಚರವಿರುವ, ಕನ್ನಡ ಬಲ್ಲ ಸಿಬ್ಬಂದಿ, ಭದ್ರವಾದ ಗೇಟು ಇವೆರಡಿದ್ದರೆ ನಾನು ಚಿಕ್ಕಮಗಳೂರನ್ನೇ ಆರಿಸುತ್ತೇನೆ. ಹೇಳದೆ ಕೇಳದೆ ಆಗಾಗ ಹೋಗಿ ನೋಡಬಹುದು. ಬೆಂಗಳೂರಿನಲ್ಲಿ ಎಷ್ಟೇ ಒಳ್ಳೆಯ ಕೇಂದ್ರವಿದ್ದರೂ ಅದು ಕಷ್ಟ.

ಅಂದ ಹಾಗೆ, ಈ ಅಲೆದಾಟ ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕಿನಿಂದಲೂ ಹೀಗಾಗುತ್ತದೆ. ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567.