ಭಾನುವಾರದ ಹಾಲು

ಮೂಡಿಗೆರೆ ಕಡೆಯ ತಾಯಿಯೊಬ್ಬರ ಮೂರು ಪುಟದ ಕಾಗದ ಮೊನ್ನೆಯಿಂದ ಮೇಜಿನ ಮೇಲೇ ಇದೆ. ಗಂಡನಿಗೆ ಶ್ವಾಸಕೋಶದ ಸಾರ್ಕಾಯ್ಡೋಸಿಸ್, ಅಂದರೆ ಮೈಯೊಳಗೆ ಉರಿಯೂತದ ಸಣ್ಣ ಸಣ್ಣ ಗಂಟುಗಳು ಕಟ್ಟುವ ಕಾಯಿಲೆ. ಟಿಬಿ ಅಂದುಕೊಂಡು ಆರು ತಿಂಗಳು ಮಾತ್ರೆ ನುಂಗಿಸಿ, ಬಯಾಪ್ಸಿ ಆದಮೇಲೆ ನಿಜ ಗೊತ್ತಾಗಿ ಸ್ಟಿರಾಯ್ಡ್ ಶುರುವಾಗಿದೆ. ಈಗ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದೆ. ಕಿಡ್ನಿಗೂ ತಗುಲಿದೆ, ರಕ್ತನಾಳದ ಉರಿಯೂತವೂ ಇದೆಯೇ ನೋಡೋಣ ಅಂದಿದ್ದಾರೆ ಹಾಸನದ ಡಾಕ್ಟರು. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿದೆ. ಬೀಗರಿಗೆ ಹೇಳಲೋ ಬೇಡವೋ ಅನ್ನುವುದು ನಿಮ್ಮ ಪ್ರಶ್ನೆ.

ಹೇಳಿ. ಇದು ಅಂಟುವ ಕಾಯಿಲೆಯಲ್ಲ. ಅಷ್ಟಕ್ಕೇ ಹಿಂದೆ ಸರಿಯುವ ಬೀಗರಾದರೆ ಸರಿಯಲಿ.

ನನ್ನ ನಿದ್ದೆ ಕೆಡಿಸಿದ್ದು ಎರಡನೇ ಪುಟದ ಕೊನೆಯ ಸಾಲು: 'ಸ್ಟಿರಾಯ್ಡ್ ಮೂಳೆ ಸವೆಸುತ್ತಂತೆ, ಅದಕ್ಕೆ ನಮ್ಮ ಮೈದುನ ಪ್ರತಿ ಭಾನುವಾರ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ತಂದು ಹಾಲಿಗೆ ಹಾಕಿ ಕೊಡ್ತಾನೆ.' ಡಾಕ್ಟರಿಗೆ ಹೇಳಿದ್ದೀರಾ ತಾಯಿ? ಇಡೀ ಕಾಗದದಲ್ಲಿ ಆ ಮಾತಿಲ್ಲ.

ನಮ್ಮ ನಿಮ್ಮ ಮೈಯಲ್ಲಿ ವಿಟಮಿನ್ ಡಿಗೆ ಚುರುಕು ಕೊಡುವ ಕೆಲಸ ಮುಖ್ಯವಾಗಿ ಕಿಡ್ನಿಯದು, ಅದು ಬೇಕಾದಷ್ಟೇ ಮಾಡುತ್ತದೆ. ಈ ಕಾಯಿಲೆಯಲ್ಲಿ ಉರಿಯೂತದ ಗಂಟುಗಳೇ ಆ ಕೆಲಸಕ್ಕೆ ಕೈ ಹಾಕುತ್ತವೆ, ಅವಕ್ಕೆ ಲಗಾಮಿಲ್ಲ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುತ್ತಲೇ ಹೋಗುತ್ತದೆ. ರಕ್ತದಲ್ಲಿ, ಮೂತ್ರದಲ್ಲಿ ಅದು ಏರಿ ಕಿಡ್ನಿಯಲ್ಲಿ ಕಲ್ಲಾಗಬಹುದು, ಕಿಡ್ನಿಯ ಒಳಗೇ ಪದರಗಟ್ಟಬಹುದು. ರಾತ್ರಿ ನಾಲ್ಕು ಸಲ ಏಳುತ್ತಾರೆ, ತಲೆದೆಸೆಯ ಚೊಂಬು ಬೆಳಗಾಗುವಷ್ಟರಲ್ಲಿ ಬರಿದು ಅಂತ ನೀವೇ ಬರೆದಿದ್ದೀರಿ. ಸ್ಟಿರಾಯ್ಡ್‌ನಿಂದ ಏರಿದ ಸಕ್ಕರೆಯೂ ಇರಬಹುದು, ಕ್ಯಾಲ್ಸಿಯಮ್ಮೂ ಇರಬಹುದು, ಗಂಟುಗಳು ಕಿಡ್ನಿಯಲ್ಲೇ ಕೂತಿರಲೂಬಹುದು. ಪರೀಕ್ಷೆ ಮಾಡದೆ ಯಾರೂ ಹೇಳಲಾರರು.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಪ್ರೀತಿ ಕೊಳ್ಳಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ! ಮೈದುನನ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಯಜಮಾನರ ಮೇಲೂ ಕನಿಕರ ಅಷ್ಟಕ್ಕಷ್ಟೇ. ಊದಿದ ಮುಖ ಫೋಟೊದಲ್ಲಿ ಬೀಳುತ್ತೆ ಅಂತ ಸ್ಟಿರಾಯ್ಡ್ ಬಿಡುವ ಮಾತಾಡುತ್ತಾರಲ್ಲ, ತಿಂಗಳುಗಟ್ಟಲೆ ನುಂಗಿದ್ದನ್ನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಏರಿದ ಕ್ಯಾಲ್ಸಿಯಂ ಇಳಿಸುವುದಕ್ಕೂ ಅದೇ ಮದ್ದು.

ಮಾಡಬೇಕಾದ್ದು ಒಂದೇ. ಈ ಭಾನುವಾರದ ಪುಡಿ ಬೇಡ. ನಾಳೆ ಬೆಳಗ್ಗೆ ಮನೆಯಲ್ಲಿರುವ ಮಾತ್ರೆ, ಪುಡಿ, ಖಾಲಿ ಪೊಟ್ಟಣವನ್ನೂ ಬಿಡದೆ ಚೀಲಕ್ಕೆ ತುಂಬಿ, ಬೇಲೂರು ದಾಟಿ ಹಾಸನಕ್ಕೆ ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ರಕ್ತ, ಮೂತ್ರ ಎರಡರಲ್ಲೂ ಕ್ಯಾಲ್ಸಿಯಂ ನೋಡಿ ಅನ್ನಿ. ಯಜಮಾನರು ಮಧ್ಯಾಹ್ನವೆಲ್ಲ ಕಾಫಿ ಕಣದ ಬಿಸಿಲಲ್ಲಿ ನಿಲ್ಲುವುದನ್ನೂ ಹೇಳಿ, ಬಿಸಿಲಿಗೂ ಮೈಯಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ರಕ್ತನಾಳಕ್ಕೆ ಬರುವುದು ಅಪರೂಪ, ಆದರೂ ಕಾಲ ಮೇಲೆ ಕೆಂಪು-ನೇರಳೆ ಚುಕ್ಕೆ ಇದ್ದರೆ ಪಂಚೆ ಸರಿಸಿ ತೋರಿಸಲಿ, ನಾಚಿಕೆ ಬೇಡ.

ಕಾರು ಮೈದುನನೇ ಓಡಿಸಲಿ. ಹೊರಗೆ ಕೂರಿಸಬೇಡಿ, ಒಳಗೂ ಕರೆದುಕೊಂಡು ಹೋಗಿ.